ಕಂಬದ ಕಚೇರಿ

“ಇನ್ನೊಂದೀಟು ಎಡಕ್ಕ ಸರೀರಿ ಸರ. ಕಂಬ ಪೂರಾ ಬರವಲ್ದು,” ಎಂದು ಫೋಟೋ ತೆಗೆಯುವವನು ಮೆಟ್ಟಿಲ ಕೆಳಗಿನಿಂದ ಕೂಗಿದ.

ಕಾಂತೇಶ ಎಡಕ್ಕೆ ಸರಿದ. ಅಕ್ಕನ ಗಂಡ ಸಂಗಪ್ಪ ಅವನ ಹೆಗಲ ಮೇಲೆ ಕೈಹಾಕಿ ನಿಂತಿದ್ದ; ಆ ಕೈಯೂ ಜೊತೆಗೇ ಸರಿಯಿತು. ನಗಲೆಂದು ಮುಖ ಎತ್ತಿದಾಗ ಅದು ಕಣ್ಣಿಗೆ ಬಿತ್ತು. ನಡುವಿನ ಎರಡು ಕಂಬಗಳ ಮೇಲೆ ಹಾಯ್ದ ತೊಲೆಯ ಹೊಟ್ಟೆಯಲ್ಲಿ, ಹೊಸದಾಗಿ ಬಳಿದ ಸುಣ್ಣದ ಬಿಳುಪಿನಲ್ಲಿ, ಒಂದು ಗೀರು. ಪೆನ್ಸಿಲಿನಿಂದ ಎಳೆದಷ್ಟು ಸಣ್ಣದು.

ಕ್ಯಾಮೆರಾ ಚಕ್ಕೆಂದಿತು.

“ಸರ ಮ್ಯಾಲ ನೋಡಿದ್ರು. ಇನ್ನೊಂದು ತಗೀತೇನ್ರಿ.”

ಎರಡನೆಯ ಸಲ ಕಾಂತೇಶ ಸರಿಯಾಗಿ ನಕ್ಕ.

ಬೈಲಹೊಂಗಲದ ಜನ ಆ ಕಟ್ಟಡವನ್ನು ಕಂಬದ ಕಚೇರಿ ಎಂದೇ ಕರೆಯುತ್ತಾರೆ. ಸಂತೆಗೆ ಬಂದ ಸಂಗೊಳ್ಳಿಯವರು, ಮುರಗೋಡದವರು ಒಬ್ಬರನ್ನೊಬ್ಬರು ಕಳೆದುಕೊಂಡರೆ ಕಂಬದ ಕಚೇರಿ ಮುಂದ ನಿಂತಿರ್ತೇನಿ ಎನ್ನುತ್ತಾರೆ. ಗ್ರೀಸಿನ ದೇವಾಲಯಗಳನ್ನು ಚಿತ್ರದಲ್ಲಷ್ಟೇ ಕಂಡಿದ್ದ ಯಾರೋ ಇಂಗ್ಲಿಷ್ ಅಧಿಕಾರಿ ಈ ಕಪ್ಪು ನೆಲದಲ್ಲಿ ಅಂಥದೇ ಒಂದನ್ನು ನಿಲ್ಲಿಸಿ ಹೋಗಿದ್ದ. ಮುಂದೆ ಆರು ದುಂಡು ಕಂಬ. ಅವುಗಳ ತಲೆಯ ಮೇಲೆ ಮೂರು ಮೂಲೆಯ ಮುಕುಟ. ಹೆಬ್ಬಾಗಿಲು ಊರಿಗೆಲ್ಲ ಕಾಣಲೆಂದು ನಡುವಿನ ಎರಡು ಕಂಬಗಳನ್ನು ಅವನು ಉಳಿದವುಗಳಿಗಿಂತ ದೂರ ದೂರ ನಿಲ್ಲಿಸಿದ್ದ. ಅಷ್ಟು ಉದ್ದದ ಕಲ್ಲು ಸಿಗದೆ ಸಾಗವಾನಿಯ ತೊಲೆ ಹಾಕಿಸಿ, ಅದರ ಮೇಲೆ ಗಾರೆ ಮೆತ್ತಿಸಿ, ಕಲ್ಲೆಂದು ಕಾಣುವಂತೆ ಗೆರೆ ಕೊರೆಸಿದ್ದ. ತೊಲೆಯ ಮೇಲೆ ಈ ಸೀಮೆಯ ಮನೆಗಳಂತೆಯೇ ಮಣ್ಣು ಹಾಸಿದ ಮಟ್ಟಸ ಮಾಳಿಗೆ, ಮೇಲ್ಮುದ್ದೆ.

ಕಚೇರಿ ಹೋಗಿ ಕೋರ್ಟಾಯಿತು, ಕೋರ್ಟು ಹೋಗಿ ಹಳೆಯ ದಫ್ತರುಗಳ ಉಗ್ರಾಣವಾಯಿತು, ಆಮೇಲೆ ಏನೂ ಆಗಿರಲಿಲ್ಲ. ಈಗ ವಾಚನಾಲಯವಾಗುತ್ತಿತ್ತು. ಸಂಜೆ ಶಾಸಕರು ಬಂದು ರಿಬ್ಬನ್ ಕತ್ತರಿಸುವವರಿದ್ದರು. ಕಾಂತೇಶ ಮಾತನಾಡುವವನಿದ್ದ. ಬೆಳಗಾವಿಯಲ್ಲಿ ಅವನು ವಾಸ್ತುಶಿಲ್ಪದ ಇತಿಹಾಸ ಕಲಿಸುತ್ತಾನೆ. ಅಂದರೆ ಕಟ್ಟಲು ಬಾರದವರಿಗೆ, ಕಟ್ಟಿದವರು ಯಾಕೆ ಹಾಗೆ ಕಟ್ಟಿದರು ಎಂದು ಹೇಳುತ್ತಾನೆ. ಈ ಮಾತನ್ನು ಅವನೇ ತಮಾಷೆಗೆ ಹೇಳಿಕೊಳ್ಳುವುದುಂಟು.

“ಹೆಂಗ ಆಗೇತಿ, ಖರೇ ಹೇಳು,” ಎಂದ ಸಂಗಪ್ಪ.

ಕಾಂತೇಶ ಮತ್ತೊಮ್ಮೆ ಮೇಲೆ ನೋಡಿದ. ಒಂದು ಕಣ್ಣು ಮುಚ್ಚಿ ತೊಲೆಯ ಕೆಳಅಂಚನ್ನು ಹಿಂದಿನ ಗೋಡೆಯ ಗೆರೆಗೆ ಹೊಂದಿಸಿ ನೋಡಿದ. ಅಂಚು ನೆಟ್ಟಗಿರಲಿಲ್ಲ. ನಡುವೆ ಒಂದು ಬೆರಳಿನಷ್ಟು ಕೆಳಕ್ಕೆ ಬಾಗಿತ್ತು. ಉದ್ದನೆಯ ನೇರ ಗೆರೆ ಕಣ್ಣಿಗೆ ಬಾಗಿದಂತೆ ಕಾಣುತ್ತದೆ, ಅದಕ್ಕೇ ಗ್ರೀಕರು ಬೇಕೆಂದೇ ನಡುವೆ ತುಸು ಎತ್ತರಿಸುತ್ತಿದ್ದರು ಎಂದು ಪ್ರತಿ ವರ್ಷ ತರಗತಿಯಲ್ಲಿ ಹೇಳುವುದು ನೆನಪಾಯಿತು. ಕಣ್ಣಿನ ಮೋಸವಿರಬಹುದು. ಆದರೆ ಕಣ್ಣಿನ ಮೋಸಕ್ಕೆ ಸುಣ್ಣ ಬಿರಿಯುವುದಿಲ್ಲ.

“ಚಲೋ ಆಗೇತಿ ಮಾಮಾ.”

“ಎಲ್ಲಾ ನಿನ್ನ ಮಾತಿನ ಪ್ರಕಾರನ ಮಾಡಿಸೇನಿ. ನೀ ಬರದದ್ದಕ್ಕ ಒಂದು ಗೆರಿ ದಾಟಿಲ್ಲ.”

ಅದೇ ತೊಂದರೆಯಾಗಿತ್ತು.

ಹೋದ ವರ್ಷ ಊರಿನ ಕೆಲವರು ಕಚೇರಿಯನ್ನು ಕೆಡವಿ ಅಂಗಡಿಗಳ ಸಾಲು ಕಟ್ಟಿಸಬೇಕೆಂದಾಗ ಸಂಗಪ್ಪ ಅಡ್ಡ ನಿಂತಿದ್ದ. ಹತ್ತಿ ವ್ಯಾಪಾರ ಬಿಟ್ಟು ಬೇರೆ ಯಾವುದಕ್ಕೂ ಅಡ್ಡ ನಿಂತವನಲ್ಲ ಅವನು. ಸಮಿತಿ ಮಾಡಿದ. ಕಾಂತೇಶನನ್ನು ಕರೆಸಿ ವರದಿ ಬರೆಸಿದ. ಆಗ ನಡುವಿನ ಎರಡು ಕಂಬಗಳ ಮಧ್ಯೆ ಒಂದು ಇಟ್ಟಿಗೆಯ ಗೋಡೆಯಿತ್ತು. ಯಾವ ಕಾಲದಲ್ಲೋ ಯಾರೋ ಎಬ್ಬಿಸಿದ್ದು. ಹೆಬ್ಬಾಗಿಲನ್ನೇ ಮುಚ್ಚಿ, ಮೈಮೇಲೆ ಜಾಹೀರಾತು ಬರೆಸಿಕೊಂಡು, ಹಲ್ಲಿನ ಸಂದಿಯಲ್ಲಿ ಸಿಕ್ಕ ತುತ್ತಿನಂತೆ ನಿಂತಿತ್ತು. ‘ಈ ಗೋಡೆ ಕಟ್ಟಡದ ಬಾಯಿಗೆ ತುರುಕಿದ ಬಟ್ಟೆ. ಕಂಬಗಳ ನಡುವೆ ಗಾಳಿ ಬೆಳಕು ಆಡಬೇಕು’ ಎಂದು ಕಾಂತೇಶ ಬರೆದ. ಪತ್ರಿಕೆಯವರು ಅದನ್ನು ದೊಡ್ಡ ಅಕ್ಷರದಲ್ಲಿ ಹಾಕಿದರು. ವರದಿಯ ಉಳಿದ ಭಾಗವನ್ನು ಯಾರೂ ಓದಿದಂತಿರಲಿಲ್ಲ; ಆ ಮಾತನ್ನು ಮಾತ್ರ ಚಹಾದಂಗಡಿಯವರೂ ಹೇಳುತ್ತಿದ್ದರು. ಗೋಡೆ ಬಿತ್ತು.

ಬರೆಯುವ ಮೊದಲು ಏಣಿ ಹತ್ತಿ ಅವನು ಗೋಡೆಯ ತುದಿಯನ್ನು ಮುಟ್ಟಿ ನೋಡಿದ್ದ. ಗೋಡೆಗೂ ತೊಲೆಗೂ ನಡುವೆ ಕಲ್ಲಿನ ಚಕ್ಕೆಗಳನ್ನು ಬಿಗಿಯಾಗಿ ಹೊಡೆದಿದ್ದರು. ಬೆರಳು ಆ ಚಕ್ಕೆಗಳ ಮೇಲೆ ಆಡಿತ್ತು. ದಫ್ತರು ಇಡಲು ಕಟ್ಟಿದ ಗೋಡೆಗೆ ಯಾರೂ ಹಾಗೆ ಚಕ್ಕೆ ಹೊಡೆಯುವುದಿಲ್ಲ, ತೊಲೆಗೆ ಆಸರೆಯಾಗಲೆಂದೇ ಹೊಡೆಯುತ್ತಾರೆ ಎಂದು ಅವನಿಗೆ ತಿಳಿದಿತ್ತು. ತಿಳಿದಿತ್ತೆ? ಇಳಿದು ಬರುವಷ್ಟರಲ್ಲಿ ‘ಬಾಯಿಗೆ ತುರುಕಿದ ಬಟ್ಟೆ’ ಎಂಬ ಮಾತು ಹೊಳೆದಿತ್ತು. ಹೊಳೆದ ಮಾತನ್ನು ಬಿಡುವ ಅಭ್ಯಾಸ ಅವನಿಗಿರಲಿಲ್ಲ.

*

ಅಕ್ಕನ ಮನೆಯಲ್ಲಿ ಊಟಕ್ಕೆ ಗೋಧಿ ಬೆಲ್ಲದ ಮಾದ್ಲಿ ಮಾಡಿದ್ದರು. ಅನ್ನಪೂರ್ಣಾ ತಮ್ಮನ ತಾಟಿಗೆ ಬೇಡವೆಂದರೂ ತುಪ್ಪ ಸುರಿದಳು. ಅವ್ವ ಹೋದ ಮೇಲೆ ಮುರಗೋಡದಿಂದ ಅವನನ್ನು ಕರೆತಂದು ಈ ಮನೆಯಲ್ಲೇ ಇಟ್ಟುಕೊಂಡು ಸಾಲಿ ಕಲಿಸಿದವಳು. ಅವಳ ಮುಂದೆ ಊಟಕ್ಕೆ ಕುಂತರೆ ಕಾಂತೇಶನಿಗೆ ಈಗಲೂ ತಾನು ಪೂರ್ತಿ ಬೆಳೆದಿಲ್ಲ ಅನ್ನಿಸುತ್ತದೆ. ಆ ಅನ್ನಿಸಿಕೆಗಾಗಿಯೇ ಅವನು ಬರುವುದು ಕಡಿಮೆ ಮಾಡಿದ್ದ.

ಸಂಗಪ್ಪ ಉಂಡು ಕೈತೊಳೆದು ಆಗಲೇ ಕಚೇರಿಗೆ ಹೊರಟುಹೋಗಿದ್ದ.

“ನೋಡಿದಿ ಹೆಂಗ ಓಡ್ಯಾಡಾಕತ್ತಾರ?” ಎಂದಳು ಅನ್ನಪೂರ್ಣಾ. “ನಮ್ಮ ಅರ್ಜುನ ಹೋದ ಮ್ಯಾಲ ಹೊಸ್ತಿಲಾ ದಾಟಿರಲಿಲ್ಲ. ಅಂಗಡಿ ಕೀಲಿ ಗುಮಾಸ್ತನ ಕೈಯಾಗ ಕೊಟ್ಟು ಗ್ವಾಡಿ ನೋಡಕೋತ ಕುಂದ್ರತಿದ್ರು. ನಾ ಮಾತಾಡಿದ್ರ ‘ಹೂಂ’. ಅಷ್ಟ.”

ಅರ್ಜುನ ಅವರ ಒಬ್ಬನೇ ಮಗ. ಕಿತ್ತೂರಿನ ಬಳಿ ಹೆದ್ದಾರಿಯಲ್ಲಿ ಅವನ ಬೈಕಿಗೆ ಲಾರಿ ಬಡಿದಿತ್ತು. ಕಾಂತೇಶ ಮಣ್ಣಿಗೆ ಬಂದಿದ್ದ, ಮೂರು ದಿನದ ಕಾರ್ಯಕ್ಕೂ ಬಂದಿದ್ದ. ಅಕ್ಕನಿಗೆ ಏನು ಹೇಳಬೇಕೆಂದು ಆಗಲೂ ಹೊಳೆದಿರಲಿಲ್ಲ. ಹೊಳೆಯಬೇಕಾದಲ್ಲಿ ಅವನಿಗೆ ಹೊಳೆಯುತ್ತಿರಲಿಲ್ಲ.

“ಈ ಕಚೇರಿ ಕೆಲಸಾ ಹಿಡದ ಮ್ಯಾಲನ ಅವರು ಮನಿಷಾ ಆಗ್ಯಾರ. ಮೊನ್ನಿ ನಕ್ರು ನೋಡು. ಸುಣ್ಣಾ ಹಚ್ಚವ ಏಣಿ ಮ್ಯಾಲ ನಿಂತು ಏನೋ ಅಂದನಂತ, ಅದನ್ನ ಮನೀಗೆ ಬಂದು ಹೇಳಿ ನಕ್ರು. ನಾ ಒಳಗ ಹೋಗಿ ಅತ್ತೆ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ನಿನ್ನಿಂದ ಆತಪಾ ಕಾಂತ್ಯಾ. ನೀ ಬರದು ಕೊಡದಿದ್ರ ಯಾರ್ ಕೇಳತಿದ್ರು ಇವರ ಮಾತು?”

ಕಾಂತೇಶ ಮಾದ್ಲಿಯನ್ನು ಹಾಲಿನಲ್ಲಿ ಕಲಸಿದ. ಕಲಸುತ್ತಲೇ ಇದ್ದ.

“ಯಾಕ, ಊಟಾ ಯಾಕ ಬಿಟ್ಟಿ?”

“ಉಣ್ಣಾಕತ್ತೇನಲ್ಲ.”

“ಶಿವಾನಿನ ಯಾಕ ಕರಕೊಂಡು ಬರಲಿಲ್ಲ?”

“ಆಕೀಗೆ ಕೆಲಸ ಇತ್ತು.”

ಶಿವಾನಿಗೆ ಕೆಲಸವಿರಲಿಲ್ಲ. ಬರುತ್ತೀಯಾ ಎಂದು ಅವನು ಕೇಳಿರಲಿಲ್ಲ. ಬರಲೇ ಎಂದು ಅವಳೂ ಕೇಳಿರಲಿಲ್ಲ. ಹೆಂಡತಿಯೊಂದಿಗಿನ ಬದುಕು ಹೀಗೆ ಯಾವ ಸದ್ದೂ ಇಲ್ಲದೆ ಸಾಗಿತ್ತು.

“ಇವತ್ತ ನಾನೂ ಮ್ಯಾಲ ಕುಂದ್ರತೇನಿ,” ಎಂದಳು ಅನ್ನಪೂರ್ಣಾ, ಸ್ವಲ್ಪ ನಾಚಿಕೆಯಿಂದ. “ನಡುವ ಕುರ್ಚಿ ಹಾಕಸ್ಯಾರ. ಇಳಕಲ್ ಸೀರಿ ತಗದು ಇಟ್ಟೇನಿ.”

“ನಡುವ ಅಂದ್ರ ಎಲ್ಲಿ?”

“ಎರಡು ಕಂಬದ ನಡುವ. ಬಾಗಲದ ಮುಂದ.”

ಈಗ ಹೇಳಬೇಕು ಎಂದುಕೊಂಡ. ಅಕ್ಕನಿಗೆ ಹೇಳಿದರೆ ಅಕ್ಕ ಮಾಮಾನಿಗೆ ಹೇಳುತ್ತಾಳೆ. ಮಾಮಾ ಒಂದು ಮಾತೂ ಆಡದೆ ಕುರ್ಚಿ ತೆಗೆಸುತ್ತಾನೆ, ಶಾಸಕರಿಗೆ ಫೋನು ಮಾಡುತ್ತಾನೆ, ಮನೆಗೆ ಬಂದು ಗೋಡೆಗೆ ಮುಖಮಾಡಿ ಕೂರುತ್ತಾನೆ. ನಾಳೆ ಅಂಗಡಿ ಸಾಲಿನವರು ಹಾರೆ ಹಿಡಿದು ಬರುತ್ತಾರೆ. ಆರೂ ಕಂಬ ಬೀಳುತ್ತವೆ. ಪ್ರೊಫೆಸರ್ ಬರದದ್ದಕ್ಕ ಬಿತ್ತು ಎಂದು ಚಹಾದಂಗಡಿಯಲ್ಲಿ ಹೇಳುತ್ತಾರೆ.

“ಅಕ್ಕಾ, ನೀ ಕೆಳಗ ಕುಂದ್ರು.”

“ಯಾಕ?”

“ಮ್ಯಾಲ ಸೆಕಿ ಆಗತೇತಿ.”

ಅನ್ನಪೂರ್ಣಾ ನಕ್ಕಳು. “ಅಲ್ಲಿ ಗಾಳಿ ಬರತೇತಿ ಅಂತ ನೀನ ಬರದಿ.”

ಅವನು ಮಾದ್ಲಿ ತಿಂದ. ಹೇಳಿದ್ದೇನಲ್ಲ ಎಂದು ತನಗೇ ಹೇಳಿಕೊಂಡ. ಕೆಳಗೆ ಕೂರು ಎಂದದ್ದು ಹೇಳಿದಂತೆಯೇ ಅಲ್ಲವೇ. ಕೇಳದಿದ್ದರೆ ತಾನೇನು ಮಾಡಲಿ. ಈ ಯೋಚನೆಯಿಂದ ಸ್ವಲ್ಪ ಹೊತ್ತು ಊಟ ಸಲೀಸಾಗಿ ಇಳಿಯಿತು.

*

ಮೂರರ ಸುಮಾರಿಗೆ ಅವನು ಒಬ್ಬನೇ ಕಚೇರಿಗೆ ಹೋದ. ಮೇ ತಿಂಗಳ ಬಿಸಿಲು ಮಣ್ಣಿನಿಂದಲೇ ಏಳುತ್ತಿತ್ತು. ಅಂಗಳದ ಬೇವಿನ ಮರದ ಕೆಳಗೆ ಬಾಳೇಶ ಬೈಕಿಗೆ ಒರಗಿ ನಿಂತಿದ್ದ. ಕೆಲಸ ಹಿಡಿದ ಗುತ್ತಿಗೆದಾರನ ಕಡೆಯ ಇಂಜಿನಿಯರ್ ಅವನು. ರಾಮದುರ್ಗದ ಕಡೆಯವನು. ಎಲ್ಲದಕ್ಕೂ ಹೌದ್ರಿ ಎನ್ನುವವನು.

ಇಬ್ಬರೂ ಕಂಬಗಳನ್ನು ನೋಡುತ್ತ ನಿಂತರು. ಕುರ್ಚಿಗಳನ್ನು ಹೊತ್ತವರು ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದರು. ಬಾಗಿಲಿಗೆ ಕೆಂಪು ರಿಬ್ಬನ್ ಕಟ್ಟಿ, ಶಾಸಕರು ಬರುವ ತನಕ ಯಾರೂ ಒಳಗೆ ಹೋಗದಂತೆ ಕೀಲಿ ಹಾಕಿದ್ದರು.

“ನೋಡೀರೇನು?” ಎಂದು ಕಾಂತೇಶ ಕೇಳಿದ. ಏನನ್ನು ಎಂದು ಹೇಳಲಿಲ್ಲ.

“ನೋಡೇನ್ರಿ ಸರ.” ಬಾಳೇಶನೂ ಏನನ್ನು ಎಂದು ಕೇಳಲಿಲ್ಲ.

“ಯಾವಾಗಿಂದ?”

“ಗ್ವಾಡಿ ತಗದ ಮ್ಯಾಲ. ಮೊದಲ ಕೂದಲದಷ್ಟ ಇತ್ತು. ಸುಣ್ಣಾ ಹಚ್ಚಿಸಿದ್ವಿ. ಮತ್ತ ಬಂತು.”

“ಮತ್ತ?”

“ಮತ್ತ ಸುಣ್ಣಾ ಹಚ್ಚಿಸಿದ್ವಿ.”

ಕಾಂತೇಶನಿಗೆ ನಗು ಬಂತು. ಬಾಳೇಶನಿಗೆ ಬರಲಿಲ್ಲ.

“ಆಸರ ಕೊಡಬೇಕಿತ್ತು.”

“ಕಬ್ಬಿಣದ ಜಾಕ್ ನಿಂದ್ರಸೂಣು ಅಂದೆ ನಾ. ಕಂಬದ ನಡುವ ಏನೂ ನಿಂದ್ರಸಬಾರದು ಅಂತ ನಮ್ಮ ಸರ ಬರದಾರ ಅಂದ್ರು ಸಂಗಪ್ಪನವರು.” ಬಾಳೇಶ ಬೈಕಿನ ಕನ್ನಡಿಯನ್ನು ಬೆರಳಿನಿಂದ ಒರೆಸಿದ. “ಒಳಗ ತೊಲಿ ಹೆಂಗೈತೋ ಯಾರಿಗೆ ಗೊತ್ರಿ. ಗಾರಿ ಬಿಚ್ಚಿ ನೋಡಿದ್ರ ತಿಳೀತೇತಿ. ಗೆದ್ಲು ಹತ್ತಿದ್ರ ಹತ್ತಿರಬೇಕು. ಇಲ್ಲಂದ್ರ ಇಲ್ಲ.”

“ಜನಾ ಕುಂದ್ರತಾರಲ್ಲ ಅಲ್ಲಿ.”

“ಜನಾ ಕೆಳಗ ಕುಂದ್ರತಾರ, ಭಾರ ಮ್ಯಾಲ ಐತಿ. ಅದಕ್ಕೂ ಇದಕ್ಕೂ ಏನ್ ಸಂಬಂಧ್ರಿ?”

“ಸಂಬಂಧ ಇಲ್ಲ,” ಎಂದ ಕಾಂತೇಶ. ಲೆಕ್ಕದ ಪ್ರಕಾರ ಅದು ಸರಿಯಾಗಿತ್ತು. “ಮಳಿ ಆದ್ರ? ಮೇಲ್ಮುದ್ದಿ ಮಣ್ಣು ನೀರು ಕುಡದ್ರ?”

ಬಾಳೇಶ ಆಕಾಶ ನೋಡಿದ. ಆಕಾಶ ಸುಣ್ಣದಷ್ಟೇ ಬೆಳ್ಳಗಿತ್ತು. “ಎಲ್ಲೀ ಮಳಿ. ಇವತ್ತೊಂದು ದಿನ ಹೋಗಲಿ ಸರ. ನಾಳಿ ಬೆಳಿಗ್ಗೆ ಜಾಕ್ ತಂದು ಕೊಡತೇನಿ.” ದನಿ ತಗ್ಗಿಸಿ ಮುಂದುವರಿಸಿದ: “ಇಲ್ಲಾ, ಈಗ ನಿಲ್ಲಸು ಅಂದ್ರ ಈಗ ನಿಲ್ಲಸತೇನಿ. ನೀವ ಹೇಳ್ರಿ. ಸರ ಹೇಳಿದ್ರು ಅಂತ ಹೇಳತೇನಿ.”

“ನಾ ಇಂಜಿನಿಯರ್ ಅಲ್ಲ.”

“ಹೌದ್ರಿ,” ಎಂದ ಬಾಳೇಶ. “ನಾ ಪ್ರೊಫೆಸರ್ ಅಲ್ಲ.”

ಚಹಾ ಬಂತು. ಇಬ್ಬರೂ ಕುಡಿದರು. ನಾಳೆ ಎಂಬ ಮಾತು ಇಬ್ಬರ ನಡುವೆ ನೆರಳಿನಂತೆ ಹಾಸಿತ್ತು. ಅದರಲ್ಲಿ ನಿಂತರೆ ತಂಪೆನಿಸುತ್ತಿತ್ತು. ಕಪ್ಪು ಕೆಳಗಿಡುವಾಗ ಅವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಶಿವಾನಿಯ ಫೋನು ಬಂತು.

“ಭಾಷಣ ಆತೇನು?”

“ಇನ್ನ ಇಲ್ಲ.”

“ನಿನ್ನ ದನಿ ಯಾಕ ಹಂಗೈತಿ? ಏನರ ಆಗೇತೇನು?”

ಅವಳು ಹೀಗೆ ಕೇಳಿ ಎಷ್ಟೋ ಕಾಲವಾಗಿತ್ತು. ಕಾಂತೇಶ ಫೋನನ್ನು ಕಿವಿಗೆ ಒತ್ತಿಕೊಂಡ. ಇವಳಿಗೆ ಹೇಳಬಹುದು. ಇವಳು ಈ ಊರಿನವಳಲ್ಲ, ಆ ಕಂಬಗಳ ಬಗ್ಗೆ ಇವಳಿಗೆ ಏನೂ ಅನ್ನಿಸುವುದಿಲ್ಲ. ಹೇಳಿದರೆ ‘ಹಂಗಂದ್ರ ಮೊದಲ ಎಲ್ಲಾರನ್ನೂ ಕೆಳಗ ಇಳಿಸು’ ಎಂದು ಸೀದಾ ಹೇಳುತ್ತಾಳೆ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅವನು, “ಏನಿಲ್ಲ, ನೆಟ್ವರ್ಕ್ ಸರಿ ಇಲ್ಲ,” ಎಂದ.

“ಆತು,” ಎಂದಳು ಅವಳು. ಫೋನು ನಿಂತಿತು.

*

ಸಂಜೆಯ ಹೊತ್ತಿಗೆ ಅಂಗಳ ತುಂಬಿತ್ತು. ಮನೋಳಿ, ಸಂಗೊಳ್ಳಿಗಳಿಂದ ಕೂಡ ಜನ ಬಂದಿದ್ದರು. ಮೆಟ್ಟಿಲ ಮೇಲೆ, ಕಂಬಗಳ ಹಿಂದಿನ ಪಡಸಾಲೆಯಲ್ಲಿ ಊರಿನ ಹಿರಿಯರು, ಸಮಿತಿಯವರು, ಹಾಡಲು ಬಂದ ಶಾಲೆಯ ಹುಡುಗಿಯರು. ನಟ್ಟನಡುವೆ ಅನ್ನಪೂರ್ಣಾ, ಇಳಕಲ್ ಸೀರೆಯ ಕೆಂಪು ಸೆರಗು ತಲೆಯ ಮೇಲೆ. ಶಾಸಕರು ಸವದತ್ತಿ ಬಿಟ್ಟಿದ್ದಾರೆ ಎಂದು ಯಾರೋ ಹೇಳಿದರು. ಅವರು ಬಹಳ ಹೊತ್ತಿನಿಂದ ಸವದತ್ತಿ ಬಿಡುತ್ತಲೇ ಇದ್ದರು.

“ಅವರು ಬರೂತನಕ ನಿನ್ನ ಭಾಷಣ ಆಗಲಿ,” ಎಂದ ಸಂಗಪ್ಪ. ತಲೆಗೆ ರುಮಾಲು ಸುತ್ತಿದ್ದ. ಮದುವೆಯ ಮನೆಯ ಯಜಮಾನನಂತೆ ಕಾಣುತ್ತಿದ್ದ. “ಇಲ್ಲೇ ನಿಂದ್ರು, ನಡುವ. ಎಲ್ಲಾರಿಗೂ ಕಾಣತಿ.”

ಭಾಷಣದ ಮೇಜನ್ನು ತೊಲೆಯ ಕೆಳಗೆ, ಸರಿಯಾಗಿ ಆ ಗೀರಿನ ಕೆಳಗೆ ಇಟ್ಟಿದ್ದರು.

ಇಡೀ ದಿನದಲ್ಲಿ ಮೊದಲ ಸಲ ಕಾಂತೇಶನ ಬುದ್ಧಿ ಚುರುಕಾಗಿ ಓಡಿತು.

“ಮಾಮಾ, ಮೈಕ್ ಕೆಳಗ ಅಂಗಳದಾಗ ಇಡಸ್ರಿ. ಕಟ್ಟಡಕ್ಕ ಮುಖಾ ಮಾಡಿ ನಿಂತ್ರ ಒಂದೊಂದ ತೋರಿಸಿ ಹೇಳಾಕ ಬರತೇತಿ.”

“ಹಂಗಂತೀಯೇನು?” ಸಂಗಪ್ಪನ ಕಣ್ಣು ಅರಳಿತು. “ಖರೇ ಮಾತು.”

ಮೈಕು ಕೆಳಗೆ ಬಂತು. ನಿರೂಪಣೆ ಮಾಡುತ್ತಿದ್ದ ದುಂಡಪ್ಪ ಮಾಸ್ತರರು ಅದನ್ನೂ ಬಿಡಲಿಲ್ಲ: “ಇಷ್ಟು ದೊಡ್ಡ ವಿದ್ವಾಂಸರು, ಮ್ಯಾಲ ವೇದಿಕಿ ಇದ್ರೂ, ನಮ್ಮ ಜನರ ನಡುವ ನೆಲದ ಮ್ಯಾಲ ನಿಂತು ಮಾತಾಡತೇನಿ ಅಂತಾರ. ಇದಕ್ಕ ಅಂತಾರ ವಿನಯ.” ಜನ ಚಪ್ಪಾಳೆ ತಟ್ಟಿದರು. ಮೇಲಿನಿಂದ ಅಕ್ಕನೂ ತಟ್ಟಿದಳು. ಕಾಂತೇಶ ಕೈಮುಗಿದ.

ಗೇಟಿನ ಬಳಿ ಬಾಳೇಶ ಬೈಕಿನ ಮೇಲೆ ಕುಂತಿದ್ದ. ಕಾಲು ನೆಲದ ಮೇಲಿತ್ತು.

ಕಾಂತೇಶ ಮಾತು ಶುರುಮಾಡಿದ. ಶುರುಮಾಡಿದ ಮೇಲೆ ಸಲೀಸಾಯಿತು. ಅವನ ದನಿ ಒಳ್ಳೆಯದು. ಕಂಬಗಳನ್ನು ನೋಡಿರಿ ಎಂದ. ನಿಮಗೆ ಅವು ನೆಟ್ಟಗೆ ಕಾಣುತ್ತವೆ, ಆದರೆ ನೆಟ್ಟಗಿಲ್ಲ. ನಡುವೆ ಸ್ವಲ್ಪ ಉಬ್ಬಿವೆ. ಮೂಟೆ ಹೊತ್ತ ಹಮಾಲನ ಮೈ ಬಿಗಿಯುತ್ತದಲ್ಲ, ಹಾಗೆ. ಪೂರ್ತಿ ನೆಟ್ಟಗೆ ಕಟ್ಟಿದರೆ ಕಂಬ ಸೊರಗಿದಂತೆ ಕಾಣುತ್ತದೆ. ಕಣ್ಣಿಗೆ ನಿಜ ತೋರಬೇಕಾದರೆ ಕಟ್ಟುವವನು ಸ್ವಲ್ಪ ಸುಳ್ಳು ಬೆರೆಸಬೇಕು. ಜನ ತಲೆಯಾಡಿಸಿದರು. ಅವನು ಬೆರಳೆತ್ತಿ ಮೊದಲ ಕಂಬ ತೋರಿಸಿದ, ಅದರ ತಲೆ ತೋರಿಸಿದ, ಮುಕುಟದ ಮೂರು ಮೂಲೆ ತೋರಿಸಿದ. ಬೆರಳು ನಡುವಿನ ತೊಲೆಯನ್ನು ಹಾರಿ ಆಚೆಯ ಕಂಬಕ್ಕೆ ಹೋಯಿತು. ಯಾರೂ ಗಮನಿಸಲಿಲ್ಲ.

ಅಕ್ಕನ ಹೆಗಲ ಮೇಲೆ ಏನೋ ಬಿತ್ತು. ಅವಳು ಹುಳುವೇನೋ ಎಂಬಂತೆ ಅದನ್ನು ಝಾಡಿಸಿ, ಮತ್ತೆ ತಮ್ಮನನ್ನು ನೋಡಿದಳು. ಅವಳಿಗೆ ಅವನ ಮಾತು ಅರ್ಥವಾಗುತ್ತಿರಲಿಲ್ಲ. ಅರ್ಥವಾಗದ ಹೆಮ್ಮೆ ಅವಳ ಮುಖದ ತುಂಬ ಇತ್ತು.

ಗಾಳಿ ಎದ್ದದ್ದು ಆಗ. ಮೊದಲು ಶಾಮಿಯಾನದ ಬಟ್ಟೆ ಹೊಟ್ಟೆ ಉಬ್ಬಿಸಿತು. ಸಂತೆಯ ಕಡೆಯಿಂದ ಧೂಳು ಬಂತು. ಜನ ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಹಿಂದಿನ ಆಕಾಶ ಕಪ್ಪಾಗಿ ತಲೆಯ ಮೇಲೇ ಬಂದಿತ್ತು. ಬೇಸಿಗೆಯ ಅಡ್ಡಮಳೆ; ಹೇಳಿ ಬರುವುದಿಲ್ಲ. ರೂಪಾಯಿಯಗಲದ ಹನಿಗಳು ಬಿದ್ದವು, ಆಮೇಲೆ ಹನಿಗಳ ಲೆಕ್ಕ ತಪ್ಪಿತು. ಶಾಮಿಯಾನದ ಒಂದು ಕಡೆಯ ಗೂಟ ಕಿತ್ತು ಬಟ್ಟೆ ಜನರ ಮೇಲೆ ಒರಗಿತು. ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಎದ್ದರು.

ಸಂಗಪ್ಪ ಮೆಟ್ಟಿಲ ತುದಿಗೆ ಬಂದು ಎರಡೂ ಕೈ ಅಗಲಿಸಿ ನಿಂತ.

“ಮ್ಯಾಲ ಬರ್ರಿ. ಎಲ್ಲಾರೂ ಮ್ಯಾಲ ಬರ್ರಿ. ಜಾಗಾ ಭಾಳ ಐತಿ, ಇದು ನಿಮ್ದ ಕಚೇರಿ.”

ಅಷ್ಟು ಸಂತೋಷದ ಮುಖವನ್ನು ಕಾಂತೇಶ ಈ ಮೊದಲು ಯಾರಲ್ಲೂ ಕಂಡಿರಲಿಲ್ಲ. ಮಗ ಸತ್ತ ಮನುಷ್ಯ ಊರಿಗೆಲ್ಲ ನೆರಳು ಕೊಡುತ್ತಿದ್ದ. ಜನ ಮೆಟ್ಟಿಲು ಹತ್ತಿದರು. ಬಾಗಿಲಿಗೆ ಕೀಲಿಯಿತ್ತು, ಒಳಗೆ ಹೋಗುವಂತಿರಲಿಲ್ಲ. ಪಡಸಾಲೆಯಲ್ಲೇ ಒತ್ತೊತ್ತಾಗಿ ನಿಂತರು, ಕಂಬಗಳಿಗೆ ಬೆನ್ನು ಕೊಟ್ಟರು, ಕೂಸುಗಳನ್ನು ಹೆಗಲ ಮೇಲೆ ಕೂರಿಸಿಕೊಂಡರು. ಗೇಟಿನ ಬಳಿ ಬೈಕು ಶುರುವಾದ ಸದ್ದು ಕೇಳಿಸಿತು. ಕಾಂತೇಶ ತಿರುಗಿ ನೋಡಲಿಲ್ಲ.

ಮೈಕು ಇನ್ನೂ ಅವನ ಕೈಯಲ್ಲಿತ್ತು. ಅದು ಬದುಕಿತ್ತು; ಮಳೆಯ ಹನಿ ಬಡಿದಾಗ ಊರಿಗೆಲ್ಲ ಕೇಳಿಸುವಂತೆ ಟಪ್ ಟಪ್ ಎನ್ನುತ್ತಿತ್ತು. ಒಂದೇ ಮಾತು ಸಾಕಾಗಿತ್ತು. ಮೇಲೆ ಹೋಗಬೇಡಿರಿ. ಕೆಳಗೆ ಇಳಿಯಿರಿ. ಅವನು ಮೈಕನ್ನು ಬಾಯಿಗೆ ಹಿಡಿದ.

“ಗದ್ಲಾ ಮಾಡಬ್ಯಾಡ್ರಿ,” ಎಂಬ ತನ್ನ ದನಿ ಅವನಿಗೆ ಕೇಳಿಸಿತು. ಒಳ್ಳೆಯ ದನಿ, ತರಗತಿಯ ದನಿ. “ಸಾವಕಾಶ ಹತ್ರಿ. ಹೆಣ್ಮಕ್ಕಳಿಗೆ ಮೊದಲ ಜಾಗಾ ಕೊಡ್ರಿ.”

ಜನ ಹಾಗೇ ಮಾಡಿದರು. ಹೆಣ್ಣುಮಕ್ಕಳಿಗೆ ನಡುವೆ ಜಾಗ ಬಿಟ್ಟರು.

ಕರೆಂಟು ಹೋಯಿತು. ಸಂಜೆಗೆ ಸಂಜೆಯಷ್ಟೂ ಬೆಳಕು ಉಳಿಯಲಿಲ್ಲ. ಕೈಯಲ್ಲಿದ್ದ ಮೈಕು ಬರಿಯ ಕಬ್ಬಿಣದ ತುಂಡಾಯಿತು.

ಆಗ ಅವನು ಕೂಗಿದ. “ಹೊರಗ ಬರ್ರಿ. ತೊಲಿ ನಿಂದ್ರೂದಿಲ್ಲ. ಎಲ್ಲಾರೂ ಹೊರಗ ಬರ್ರಿ.” ಕೂಗಿದೆನೆಂದೇ ಅವನಿಗೆ ಅನ್ನಿಸಿತು. ಬಾಯಿಗೆ ನೀರು ನುಗ್ಗಿತು. ಮಳೆಯ ಮೊರೆತದಲ್ಲಿ ತನ್ನ ದನಿ ತನ್ನ ಕಿವಿಗೂ ಬೀಳಲಿಲ್ಲ. ಮೈಕು ಸತ್ತ ಮೇಲೆ ಧೈರ್ಯ ಬಂತೋ, ಧೈರ್ಯ ಬಂದಾಗ ಮೈಕು ಸತ್ತಿತೋ ಎಂಬ ಅನುಮಾನ ಕೂಡ ಆ ಗಳಿಗೆಯಲ್ಲಿ ಬಂದುಹೋಯಿತು. ಅವನು ಬೆರಳೆತ್ತಿ ತೊಲೆಯನ್ನು ತೋರಿಸಿದ. ಮತ್ತೆ ಮತ್ತೆ ತೋರಿಸಿದ.

ಮಿಂಚಿತು. ಆರು ಕಂಬಗಳೂ, ಅವುಗಳ ನಡುವಿನ ಮುಖಗಳೂ ಹಾಲಿನಂತೆ ಬೆಳ್ಳಗೆ ಎದ್ದು ಕಂಡವು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಸುರಿಯುವ ಮಳೆಯಲ್ಲಿ ಒಬ್ಬನೇ ನಿಂತು, ಕೈಯೆತ್ತಿ, ಕಟ್ಟಡದ ಚೆಲುವನ್ನು ಇನ್ನೂ ವಿವರಿಸುತ್ತಿರುವ ಮನುಷ್ಯ. ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ. ಪಡಸಾಲೆಯೊಳಗೆ ಸದ್ದು ಸುತ್ತಿ ಸುತ್ತಿ ದೊಡ್ಡದಾಯಿತು.

ಅನ್ನಪೂರ್ಣಾ ಚಪ್ಪಾಳೆ ತಟ್ಟಲಿಲ್ಲ. ತಮ್ಮ ತೊಯ್ಯುತ್ತಿದ್ದಾನೆಂಬುದೊಂದೇ ಅವಳಿಗೆ ಕಂಡದ್ದು. ಜನರ ನಡುವೆ ದಾರಿ ಮಾಡಿಕೊಂಡು ತೊಲೆಯ ಕೆಳಗಿನ ಅಂಚಿಗೆ ಬಂದು, ಸೂರಿನಿಂದ ಇಳಿಯುವ ನೀರಿನಾಚೆಗೆ ಕೈ ಚಾಚಿದಳು. ಅವಳ ತುಟಿ ಆಡಿತು. ಬೆರಳುಗಳು ಮಡಚಿ ಬಿಚ್ಚಿದವು: ಬಾ.

ಕಾಂತೇಶನೂ ಕೈ ಚಾಚಿದ. ಅವನ ಬೆರಳುಗಳೂ ಮಡಚಿ ಬಿಚ್ಚಿದವು: ಬಾ.

ಮೆಟ್ಟಿಲಷ್ಟೇ ನಡುವೆ ಇತ್ತು. ಓಡಿಹೋಗಿ ಆ ಕೈ ಹಿಡಿದು ಎಳೆಯಬಹುದಿತ್ತು. ಮೆಟ್ಟಿಲ ಮೇಲಿಂದ, ಮೇಲ್ಮುದ್ದೆಯ ಮಣ್ಣು ಕರಗಿದ ಕೆಂಪು ನೀರು ಹರಿದು ಅವನ ಪಾದದವರೆಗೆ ಬಂದು, ಪಾದವನ್ನು ಸುತ್ತಿಕೊಂಡು ಮುಂದೆ ಹೋಗುತ್ತಿತ್ತು. ಪಾದ ಕದಲಲಿಲ್ಲ.

ಕತ್ತಲಾಯಿತು. ಕತ್ತಲಲ್ಲೂ ಅವನ ಬೆರಳುಗಳು ಮಡಚಿ ಬಿಚ್ಚುತ್ತಲೇ ಇದ್ದವು. ಆ ಕಡೆಯಿಂದ ಚಪ್ಪಾಳೆಯೋ ಮತ್ತೊಂದೋ, ಒಂದು ಸದ್ದು ಬೆಳೆಯುತ್ತ ಬಂತು.